ಲಿನಕ್ಸ್ ಅಪ್‌ಡೇಟ್ ವೇಳೆ ಬರುವ ಸಹಿ ಎಚ್ಚರಿಕೆ: ಓದುವುದು ಹೇಗೆ, ಸರಿಪಡಿಸುವುದು ಹೇಗೆ

ಉಬುಂಟು, ಮಿಂಟ್ ಅಥವಾ ಡೆಬಿಯನ್ ಇರುವ ಕಂಪ್ಯೂಟರಿನಲ್ಲಿ ಅಪ್‌ಡೇಟ್ ಕೊಟ್ಟಾಗ, ಡಬ್ಲ್ಯು ಅಥವಾ ಇ ಅಕ್ಷರದಿಂದ ಶುರುವಾಗುವ ಉದ್ದುದ್ದ ಸಾಲುಗಳು ಕೆಲವೊಮ್ಮೆ ಕೊನೆಗೆ ಬರುತ್ತವೆ. ಹೆಚ್ಚಿನವರು ಅದನ್ನು ಓದುವುದಿಲ್ಲ. ಪಕ್ಕದಲ್ಲೇ ‘ಆಲ್ ಪ್ಯಾಕೇಜಸ್ ಆರ್ ಅಪ್ ಟು ಡೇಟ್’ ಎಂದು ಕಂಡರೆ ಸರಿ, ಟರ್ಮಿನಲ್ ಮುಚ್ಚಿಬಿಡುತ್ತಾರೆ. ಮೋಸ ಹೋಗುವುದು ಅಲ್ಲೇ. ಪ್ಯಾಕೇಜ್‌ಗಳ ಪಟ್ಟಿಗೆ ವಿತರಕರು ಹಾಕಿದ ಡಿಜಿಟಲ್ ಸಹಿ ಹೊಂದದಿದ್ದರೆ, ಪ್ಯಾಕೇಜ್ ಇಳಿಸಿ ಹಾಕುವ ಆಪ್ಟ್ ಎಂಬ ಸಾಧನ ಹೊಸ ಪಟ್ಟಿಯನ್ನು ಬಿಸಾಡಿ, ಹಿಂದೆ ಇಳಿಸಿಟ್ಟಿದ್ದ ಹಳೆಯ ಪಟ್ಟಿಯನ್ನೇ ಇಟ್ಟುಕೊಳ್ಳುತ್ತದೆ. ಆ ಹಳೆಯ ಪಟ್ಟಿಯ ಲೆಕ್ಕದಲ್ಲಿ ನಿಮ್ಮ ಪ್ಯಾಕೇಜ್‌ಗಳೆಲ್ಲ ಹೊಸವೇ. ಮಾರ್ಚ್‌ನಲ್ಲಿ ನಿಂತುಹೋದ ಪಟ್ಟಿಗೆ ಜುಲೈನಲ್ಲೂ ಮಾರ್ಚ್‌ನ ಪ್ಯಾಕೇಜ್‌ಗಳೇ ಗೊತ್ತು. ನಡುವೆ ಬಂದ ಭದ್ರತಾ ತಿದ್ದುಪಡಿಗಳಲ್ಲಿ ಒಂದೂ ನಿಮಗೆ ತಲುಪಿರುವುದಿಲ್ಲ, ಅದನ್ನು ನಿಮಗೆ ಯಾರೂ ಹೇಳುವುದೂ ಇಲ್ಲ. ಎಚ್ಚರಿಕೆಯ ಸಾಲನ್ನು ಓದಬೇಕಾದದ್ದು ಮುಖ್ಯವಾಗಿ ಈ ಕಾರಣಕ್ಕೆ. ಹ್ಯಾಕರ್ ಭಯ ಆಮೇಲಿನ ಮಾತು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಸಾಲನ್ನು ನಕಲು ಮಾಡಿ ಇಂಟರ್‌ನೆಟ್ಟಿನಲ್ಲಿ ಹುಡುಕಿ, ಸಿಕ್ಕಿದ ಮೊದಲ ಆದೇಶವನ್ನು ಹಾಕಿ ಎಚ್ಚರಿಕೆ ಮಾಯವಾಗುವಂತೆ ಮಾಡುವುದು. ಅಂಥ ಆದೇಶಗಳಲ್ಲಿ ಎಷ್ಟೋ ತಪಾಸಣೆಯನ್ನೇ ಆಫ್ ಮಾಡುತ್ತವೆ.

ಈ ಲೇಖನದಲ್ಲಿ ಆದೇಶಗಳನ್ನೂ ಫೈಲ್ ಹೆಸರುಗಳನ್ನೂ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಮಾಡಿ. ಗೆರೆ, ಚುಕ್ಕಿ, ಓರೆಗೆರೆ ಇಲ್ಲಿರುವಂತೆಯೇ ಇರಲಿ.

ಸಹಿ ಎಲ್ಲಿರುತ್ತದೆ

ಕೊಡಗಿನಲ್ಲಿ ಮರ ಸಾಗಿಸಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ತೋಟದಿಂದ ಹಲವು ಜಾತಿಯ ಮರದ ದಿಮ್ಮಿ ಹೊರಗೆ ಹೋಗಬೇಕಾದರೆ ಅರಣ್ಯ ಇಲಾಖೆಯ ರಹದಾರಿ ಬೇಕು. ರಹದಾರಿಯಲ್ಲಿ ಯಾವ ದಿಮ್ಮಿ, ಅದರ ನಂಬರ್ ಏನು, ಉದ್ದ ಸುತ್ತಳತೆ ಎಷ್ಟು ಎಂದು ಬರೆದಿರುತ್ತದೆ, ಕೆಳಗೆ ಅಧಿಕಾರಿಯ ಸಹಿ ಮೊಹರು ಇರುತ್ತದೆ. ಸಂಪಾಜೆಯಲ್ಲೋ ಮಾಕುಟ್ಟದಲ್ಲೋ ಲಾರಿ ನಿಲ್ಲಿಸಿದವರು ಮೊದಲು ಆ ಸಹಿ ನೋಡುತ್ತಾರೆ, ಆಮೇಲೆ ಕಾಗದದ ಪ್ರಕಾರ ದಿಮ್ಮಿಗಳನ್ನು ತಾಳೆ ನೋಡುತ್ತಾರೆ. ಒಂದೊಂದು ದಿಮ್ಮಿಗೂ ಅಧಿಕಾರಿಯ ರುಜು ಇರುವುದಿಲ್ಲ. ಪಟ್ಟಿಗೆ ಸಹಿ ಇದ್ದು, ಪಟ್ಟಿಗೆ ದಿಮ್ಮಿ ಹೊಂದಿದರೆ ಸಾಕು.

ಆಪ್ಟ್ ಮಾಡುವುದೂ ಇದನ್ನೇ. ಸರ್ವರ್‌ನಿಂದ ಅದು ಮೊದಲು ಇಳಿಸುವ ಫೈಲಿನ ಹೆಸರು ಇನ್‌ರಿಲೀಸ್. ಇದೇ ರಹದಾರಿ. ಇದರೊಳಗೆ ಪ್ಯಾಕೇಜಸ್ ಎಂಬ ಪಟ್ಟಿ ಫೈಲುಗಳ ಗಾತ್ರ ಮತ್ತು ಶಾ256 ಮೊತ್ತ (ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತು) ಇರುತ್ತದೆ, ಇಡೀ ಫೈಲಿಗೆ ಜಿಪಿಜಿ ಎಂಬ ಸಾಧನದಿಂದ ಮಾಡಿದ ವಿತರಕರ ಸಹಿ ಇರುತ್ತದೆ. ಪ್ಯಾಕೇಜಸ್ ಫೈಲಿನೊಳಗೆ ಒಂದೊಂದು ಡೆಬ್ ಫೈಲಿನ (ಅಂದರೆ ಪ್ಯಾಕೇಜಿನ) ಗಾತ್ರ ಮತ್ತು ಶಾ256 ಮೊತ್ತ. ಸಹಿಯಿಂದ ಪಟ್ಟಿ ನಂಬಿಕೆಗೆ ಅರ್ಹ, ಪಟ್ಟಿಯಿಂದ ಪ್ಯಾಕೇಜ್ ನಂಬಿಕೆಗೆ ಅರ್ಹ. ಉಬುಂಟು, ಡೆಬಿಯನ್ ಸರ್ವರ್‌ಗಳ ವಿಳಾಸ ಹಲವು ಕಡೆ ಇಂದಿಗೂ ಗೂಢಲಿಪಿ ಇಲ್ಲದ ಎಚ್‌ಟಿಟಿಪಿ ಆಗಿಯೇ ಇರುವುದನ್ನು ಕಂಡು ಗಾಬರಿಯಾಗುವವರಿದ್ದಾರೆ. ದಾರಿ ಯಾವುದೇ ಆಗಿರಲಿ, ನಡುವೆ ಯಾರಾದರೂ ಒಂದು ಅಕ್ಷರ ಬದಲಿಸಿದರೂ ಸಹಿಯೋ ಮೊತ್ತವೋ ತಪ್ಪುತ್ತದೆ. ಆದ್ದರಿಂದ ಅದು ನಡೆಯುತ್ತದೆ.

ಸಹಿಯನ್ನು ಪರೀಕ್ಷಿಸಲು ವಿತರಕರ ಸಾರ್ವಜನಿಕ ಕೀಲಿ ನಿಮ್ಮ ಕಂಪ್ಯೂಟರಿನಲ್ಲಿ ಮೊದಲೇ ಇರಬೇಕು. ಉಬುಂಟು, ಡೆಬಿಯನ್‌ನ ಸ್ವಂತ ಕೀಲಿಗಳು ಇನ್‌ಸ್ಟಾಲ್ ಮಾಡುವಾಗಲೇ /ಯುಎಸ್‌ಆರ್/ಶೇರ್/ಕೀರಿಂಗ್ಸ್ ಫೋಲ್ಡರಿಗೆ ಬಂದು ಕೂತಿರುತ್ತವೆ. ಬ್ರೌಸರ್, ಮೀಟಿಂಗ್ ಆ್ಯಪ್, ಪ್ರಿಂಟರ್ ಡ್ರೈವರ್ ಎಂದು ನೀವು ಆಮೇಲೆ ಸೇರಿಸಿದ ಹೊರಗಿನ ಮೂಲಗಳ ಕೀಲಿಗೆ ಸರಿಯಾದ ಜಾಗ /ಇಟಿಸಿ/ಆಪ್ಟ್/ಕೀರಿಂಗ್ಸ್. ನಿತ್ಯದ ತೊಂದರೆಗಳಲ್ಲಿ ಬಹುಪಾಲು ಈ ಹೊರಗಿನ ಮೂಲಗಳದ್ದೇ.

ಮೊದಲು ಮಾಡಬೇಕಾದದ್ದು

ಗ್ರಾಫಿಕ್ ಅಪ್‌ಡೇಟರ್‌ನಲ್ಲಿ ಎಚ್ಚರಿಕೆ ಪೂರ್ತಿ ಕಾಣುವುದಿಲ್ಲ. ಟರ್ಮಿನಲ್ ತೆರೆದು ಇಷ್ಟು ಕೊಡಿ:

ಸುಡೊ ಆಪ್ಟ್ ಅಪ್‌ಡೇಟ್

ಮೇಲಿನ ಸಾಲುಗಳಲ್ಲಿ ಹಿಟ್ ಎಂದಿದ್ದರೆ ಆ ಮೂಲ ಬದಲಾಗಿಲ್ಲ, ಗೆಟ್ ಎಂದಿದ್ದರೆ ಹೊಸದು ಇಳಿಯಿತು, ಇಆರ್‌ಆರ್ ಎಂದಿದ್ದರೆ ತಪ್ಪಾಯಿತು. ಕೊನೆಯ ಭಾಗದಲ್ಲಿ ಡಬ್ಲ್ಯು ಎಂದರೆ ಎಚ್ಚರಿಕೆ, ಇ ಎಂದರೆ ದೋಷ. ಇಲ್ಲೊಂದು ಸೂಕ್ಷ್ಮ ಇದೆ: ಮೊದಲು ಸರಿಯಾಗಿದ್ದ ಮೂಲದ ಸಹಿ ಈಗ ಕೆಟ್ಟರೆ ಆಪ್ಟ್ ಬರೀ ಡಬ್ಲ್ಯು ಹಾಕಿ ಸುಮ್ಮನಾಗುತ್ತದೆ. ಹೊಸದಾಗಿ ಸೇರಿಸಿದ ಮೂಲದ ಸಹಿ ಕೆಟ್ಟರೆ ಮಾತ್ರ ಇ ಹಾಕಿ ನಿಲ್ಲುತ್ತದೆ. ಹಾಗಾಗಿ ಡಬ್ಲ್ಯು ಎಂದರೆ ಸಣ್ಣದು ಎಂದುಕೊಳ್ಳಬೇಡಿ.

ಆ ಸಾಲಿನಿಂದ ಮೂರು ವಿಷಯ ಕಾಗದದ ಮೇಲೆ ಬರೆದುಕೊಳ್ಳಿ. ಯಾವ ವಿಳಾಸದ ಮೂಲ? ಇಂಗ್ಲಿಷ್ ದೊಡ್ಡಕ್ಷರಗಳ ಸಂಕೇತಪದ ಯಾವುದು? ಅದರ ಪಕ್ಕದ ಅಂಕಿ ಅಕ್ಷರಗಳ ಕೀಲಿ ಸಂಖ್ಯೆ ಯಾವುದು? ವಿಳಾಸ ನಿಮ್ಮ ಉಬುಂಟು ಅಥವಾ ಡೆಬಿಯನ್‌ನದ್ದೇ ಆಗಿದ್ದರೆ ವಿಷಯ ಗಂಭೀರ, ಇಡೀ ವ್ಯವಸ್ಥೆಯ ಅಪ್‌ಡೇಟ್ ನಿಂತಿದೆ. ಹೊರಗಿನ ಮೂಲದ್ದಾಗಿದ್ದರೆ ಆ ಒಂದು ತಂತ್ರಾಂಶದ್ದು ಮಾತ್ರ ನಿಂತಿದೆ.

ಕೀಲಿಗೆ ಕೈಹಾಕುವ ಮೊದಲು ಗಡಿಯಾರ, ವೈಫೈ

ನಮ್ಮ ಕಡೆ ಕೀಲಿಗೆ ಯಾವ ಸಂಬಂಧವೂ ಇಲ್ಲದ ಎರಡು ಕಾರಣಗಳೇ ಈ ಎಚ್ಚರಿಕೆಗಳನ್ನು ಎಬ್ಬಿಸುತ್ತವೆ. ಇವನ್ನು ಮೊದಲು ತಳ್ಳಿಹಾಕಿದರೆ ಅರ್ಧ ಶ್ರಮ ಉಳಿಯುತ್ತದೆ.

ಗಡಿಯಾರದ ವಿಷಯ. ಆಟಿ ತಿಂಗಳ ಮಳೆಗೆ ಮರ ಬಿದ್ದು ಭಾಗಮಂಡಲದ ಕಡೆಯೋ ಸೋಮವಾರಪೇಟೆ ಕಡೆಯೋ ವಾರಗಟ್ಟಲೆ ಕರೆಂಟ್ ಇಲ್ಲ ಎಂದುಕೊಳ್ಳಿ. ಹಳೆಯ ಡೆಸ್ಕ್‌ಟಾಪ್‌ನ ಮದರ್‌ಬೋರ್ಡಿನಲ್ಲಿರುವ ನಾಣ್ಯದಷ್ಟಗಲದ ಬ್ಯಾಟರಿ ಸತ್ತಿದ್ದರೆ ಆ ವಾರ ಗಡಿಯಾರ ಓಡಿರುವುದಿಲ್ಲ. ಕರೆಂಟ್ ಬಂದು ಆನ್ ಮಾಡಿದಾಗ ಬಯೋಸ್ ಯಾವುದೋ ಹಳೆಯ ವರ್ಷ ತೋರಿಸುತ್ತದೆ. ಲಿನಕ್ಸ್‌ನಲ್ಲಿ ಸಮಯ ಹೊಂದಿಸುವ ಸೇವೆ ತಾನು ಕೊನೆಯದಾಗಿ ಕಂಡ ಸಮಯವನ್ನು ಡಿಸ್ಕಿನಲ್ಲಿ ಬರೆದಿಟ್ಟಿರುತ್ತದೆ, ಅದಕ್ಕಿಂತ ಹಿಂದಕ್ಕೆ ಹೋಗುವುದಿಲ್ಲ. ಹೀಗಾಗಿ ದಿನಾಂಕ ಸರಿಸುಮಾರು ಕರೆಂಟ್ ಹೋದ ದಿನಕ್ಕೇ ನಿಂತಂತೆ ಇರುತ್ತದೆ. ನೋಡಿದರೆ ಸಂಶಯವೇ ಬರುವುದಿಲ್ಲ, ತಿಂಗಳು ವರ್ಷ ಎಲ್ಲ ಸರಿ, ದಿನ ಮಾತ್ರ ಹಿಂದೆ.

ಆಗ ಬರುವ ಸಾಲು: ‘ರಿಲೀಸ್ ಫೈಲ್ … ಈಸ್ ನಾಟ್ ವ್ಯಾಲಿಡ್ ಯೆಟ್ (ಇನ್‌ವ್ಯಾಲಿಡ್ ಫಾರ್ ಅನದರ್ 6ಡಿ 3ಎಚ್ 12ಮಿನ್)’. ನೇರ ಅರ್ಥ ಇಷ್ಟೇ: ಈ ಪಟ್ಟಿಗೆ ಸಹಿ ಬಿದ್ದ ಸಮಯ ನಿಮ್ಮ ಗಡಿಯಾರದ ಪ್ರಕಾರ ಇನ್ನೂ 6 ದಿನ 3 ಗಂಟೆ ಮುಂದಿದೆ. ಅಂದರೆ ನಿಮ್ಮ ಗಡಿಯಾರ ಕಡಿಮೆಯೆಂದರೂ ಅಷ್ಟು ಹಿಂದಿದೆ. ಆವರಣದಲ್ಲಿರುವ ಅಂಕಿಯೇ ಎಷ್ಟು ತಿದ್ದಬೇಕೆಂದು ಹೇಳುತ್ತಿದೆ. ಅಂತರ ಐದೂವರೆ ಗಂಟೆಯ ಹತ್ತಿರ ಇದ್ದರೆ ಬ್ಯಾಟರಿಯ ದೋಷವಲ್ಲ. ಬಯೋಸ್ ಗಡಿಯಾರದಲ್ಲಿರುವುದು ಗ್ರೀನಿಚ್ ಸಮಯ, ಲಿನಕ್ಸ್ ಅದನ್ನು ಭಾರತೀಯ ಸಮಯವೆಂದು ಓದುತ್ತಿದೆ ಎಂದು ಲೆಕ್ಕ. ಒಂದೇ ಯಂತ್ರದಲ್ಲಿ ವಿಂಡೋಸ್ ಕೂಡ ಇಟ್ಟುಕೊಂಡು ಆ ಸೆಟ್ಟಿಂಗ್ ಬದಲಿಸಿದವರಲ್ಲಿ ಇದು ಕಾಣಿಸುತ್ತದೆ.

ನೋಡುವುದಕ್ಕೆ:

ಟೈಮ್‌ಡೇಟ್‌ಸಿಟಿಎಲ್

ಸ್ಥಳೀಯ ಸಮಯ, ಗ್ರೀನಿಚ್ ಸಮಯ, ಬಯೋಸ್ ಸಮಯ, ನೆಟ್‌ವರ್ಕ್‌ನಿಂದ ಹೊಂದಿಕೆಯಾಗಿದೆಯೇ ಇಲ್ಲವೇ, ಎಲ್ಲವೂ ಅಲ್ಲೇ ಬರುತ್ತದೆ. ವಲಯ ಏಷ್ಯಾ/ಕೋಲ್ಕತ್ತ ಇರಬೇಕು. ಹೊಂದಿಕೆ ಆಫ್ ಇದ್ದರೆ:

ಸುಡೊ ಟೈಮ್‌ಡೇಟ್‌ಸಿಟಿಎಲ್ ಸೆಟ್-ಎನ್‌ಟಿಪಿ ಟ್ರೂ

ಒಂದೆರಡು ನಿಮಿಷ ಬಿಟ್ಟು ಮತ್ತೆ ಅಪ್‌ಡೇಟ್ ಕೊಡಿ. ಬ್ಯಾಟರಿ ಬದಲಿಸದೆ ಬಿಟ್ಟರೆ ಮುಂದಿನ ಪವರ್‌ಕಟ್‌ಗೆ ಇದೇ ಕಥೆ. ಸಾಮಾನ್ಯವಾಗಿ ಅದು ಸಿಆರ್2032 ಸೆಲ್, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಗಡಿಯಾರ ಹಿಂದಿದ್ದರೆ ಎಚ್‌ಟಿಟಿಪಿಎಸ್ ಮೂಲಗಳಲ್ಲಿ ‘ಸರ್ಟಿಫಿಕೇಟ್ ವೆರಿಫಿಕೇಶನ್ ಫೇಲ್ಡ್’ ಎಂದೂ ಬರುತ್ತದೆ. ಅದೂ ಇದೇ ಮದ್ದಿಗೆ ಹೋಗುತ್ತದೆ.

ಗಡಿಯಾರ ಮುಂದೆ ಓಡಿದ್ದರೆ ಬರುವುದು ಬೇರೆ ಸಾಲು: ‘ರಿಲೀಸ್ ಫೈಲ್ … ಈಸ್ ಎಕ್ಸ್‌ಪೈರ್ಡ್’. ಡೆಬಿಯನ್‌ನ ಭದ್ರತಾ ಪಟ್ಟಿಗೆ ಒಂದು ವಾಯಿದೆ ಇರುತ್ತದೆ. ಯಾರೋ ಹಳೆಯ ಪಟ್ಟಿಯನ್ನೇ ಮತ್ತೆ ಮತ್ತೆ ಕೊಟ್ಟು ನಿಮ್ಮನ್ನು ಹಳೆಯದರಲ್ಲೇ ಕೂರಿಸಬಾರದು ಎಂದು ಆ ವಾಯಿದೆ ಇಟ್ಟಿದ್ದಾರೆ. ಗಡಿಯಾರ ಸರಿ ಇದ್ದೂ ಇದು ಬಂದರೆ ನೀವು ಬಳಸುವ ಮಿರರ್ ಸರ್ವರ್ (ಮುಖ್ಯ ಸರ್ವರ್‌ನ ಪ್ರತಿ ಇಟ್ಟುಕೊಂಡಿರುವ ಸರ್ವರ್) ಹಲವು ದಿನದಿಂದ ಹೊಸದನ್ನು ಎಳೆದುಕೊಂಡಿಲ್ಲ. ಸಾಫ್ಟ್‌ವೇರ್ ಆ್ಯಂಡ್ ಅಪ್‌ಡೇಟ್ಸ್ ಕಿಟಕಿಯಲ್ಲಿ ಮುಖ್ಯ ಸರ್ವರ್ ಆರಿಸಿ.

ಇನ್ನು ವೈಫೈ. ಹೋಂಸ್ಟೇ, ಲಾಡ್ಜ್, ಕಾಲೇಜು ವೈಫೈಗೆ ಸೇರಿದ ಮೇಲೆ ಬ್ರೌಸರ್‌ನಲ್ಲಿ ಫೋನ್ ನಂಬರೋ ರೂಮ್ ನಂಬರೋ ಕೇಳುವ ಪುಟ ಬರುತ್ತದಲ್ಲ, ಅದನ್ನು ತುಂಬುವ ಮೊದಲು ಅಪ್‌ಡೇಟ್ ಓಡಿದರೆ ಏನಾಗುತ್ತದೆ? ಆಪ್ಟ್ ಇನ್‌ರಿಲೀಸ್ ಫೈಲ್ ಕೇಳುತ್ತದೆ, ವೈಫೈ ಪೆಟ್ಟಿಗೆ ತನ್ನ ಲಾಗಿನ್ ಪುಟವನ್ನು ಕೊಡುತ್ತದೆ. ರಹದಾರಿ ಕೇಳಿದರೆ ಹೋಟೆಲ್ ಬಿಲ್ ಕೊಟ್ಟ ಹಾಗೆ. ಆಗ ‘ಕ್ಲಿಯರ್‌ಸೈನ್ಡ್ ಫೈಲ್ ಈಸಂಟ್ ವ್ಯಾಲಿಡ್, ಗಾಟ್ ನೋಸ್‌ಪ್ಲಿಟ್’ ಎಂದು ಬಂದು, ಪಕ್ಕದಲ್ಲೇ ‘ನಿಮ್ಮ ನೆಟ್‌ವರ್ಕ್‌ಗೆ ಲಾಗಿನ್ ಬೇಕೇ?’ ಎಂಬ ಅರ್ಥದ ಪ್ರಶ್ನೆಯೂ ಇರುತ್ತದೆ. ಬ್ರೌಸರ್ ತೆರೆದು ಲಾಗಿನ್ ಮುಗಿಸಿ, ಮತ್ತೆ ಅಪ್‌ಡೇಟ್ ಕೊಡಿ. ಕೀಲಿ ಮುಟ್ಟಬೇಕಾಗಿಲ್ಲ.

‘ಹ್ಯಾಶ್ ಸಮ್ ಮಿಸ್‌ಮ್ಯಾಚ್’ ಕೂಡ ಈ ಗುಂಪಿನದ್ದೇ. ಸಹಿ ಸರಿ ಇದೆ, ಪಟ್ಟಿಯಲ್ಲಿ ಬರೆದ ಮೊತ್ತಕ್ಕೂ ಇಳಿದ ಫೈಲಿಗೂ ತಾಳೆಯಾಗಿಲ್ಲ. ಮಿರರ್ ಸರ್ವರ್ ಅರ್ಧ ಹೊಸದು ಅರ್ಧ ಹಳೆಯದು ಇರುವ ಹೊತ್ತಿನಲ್ಲಿ ನೀವು ಕೇಳಿದ್ದೀರಿ, ಅಥವಾ ನಡುವಿನ ಪ್ರಾಕ್ಸಿ (ನಿಮ್ಮ ಪರವಾಗಿ ಫೈಲ್ ತಂದುಕೊಡುವ ಸರ್ವರ್) ಹಳೆಯ ಪ್ರತಿ ಕೊಟ್ಟಿದೆ. ಕೆಲವು ಗಂಟೆ ಬಿಟ್ಟು ನೋಡಿ, ಇಲ್ಲವೇ ಮೊಬೈಲ್ ಹಾಟ್‌ಸ್ಪಾಟ್‌ಗೆ ಬದಲಿಸಿ. ಹೋಗದಿದ್ದರೆ ಹಳೆಯ ಪಟ್ಟಿಗಳ ಫೋಲ್ಡರಿನ ಹೆಸರು ಬದಲಿಸಿ:

ಸುಡೊ ಎಂವಿ /ವಾರ್/ಲಿಬ್/ಆಪ್ಟ್/ಲಿಸ್ಟ್ಸ್ /ವಾರ್/ಲಿಬ್/ಆಪ್ಟ್/ಲಿಸ್ಟ್ಸ್.ಓಲ್ಡ್

ಮತ್ತೆ ಅಪ್‌ಡೇಟ್ ಕೊಟ್ಟರೆ ಆಪ್ಟ್ ಹೊಸ ಫೋಲ್ಡರ್ ಮಾಡಿಕೊಂಡು ಎಲ್ಲ ಪಟ್ಟಿಗಳನ್ನೂ ಹೊಸದಾಗಿ ಇಳಿಸುತ್ತದೆ. ಹತ್ತಾರು ಎಂಬಿ ಆಗುತ್ತದೆ, ಡೇಟಾ ಪ್ಯಾಕ್ ನೋಡಿಕೊಂಡು ಮಾಡಿ. ಇದೇ ಕೆಲಸಕ್ಕೆ ಆರ್‌ಎಂ -ಆರ್‌ಎಫ್ ಬಳಸಿ ಅಳಿಸಲು ಹೇಳುವವರು ಬಹಳ. ದಾರಿಯ ನಡುವೆ ಒಂದು ಸ್ಪೇಸ್ ಹೆಚ್ಚು ಬಿದ್ದರೆ ಅಳಿಸಬಾರದ್ದೆಲ್ಲ ಅಳಿಸಿಹೋಗುತ್ತದೆ. ಹೆಸರು ಬದಲಿಸುವುದರಲ್ಲಿ ಆ ಭಯ ಇಲ್ಲ.

ನೋ ಪಬ್‌ಕೀ: ಕೀಲಿ ಇಲ್ಲ

ಎಲ್ಲಕ್ಕಿಂತ ಹೆಚ್ಚು ಕಾಣುವುದು ಇದು. ಪರದೆಯಲ್ಲಿ ದೊಡ್ಡಕ್ಷರಗಳಲ್ಲಿ ನೋ ಪಬ್‌ಕೀ ಎಂದು ಬಂದು ಮುಂದೆ 16 ಅಕ್ಷರಗಳ ಸಂಖ್ಯೆ ಇರುತ್ತದೆ. ಡೆಬಿಯನ್ 13ರಲ್ಲಿ ಸಹಿ ಪರೀಕ್ಷೆಗೆ ಎಸ್‌ಕ್ಯೂವಿ ಎಂಬ ಹೊಸ ಸಾಧನ ಬಂದಿರುವುದರಿಂದ ಅಲ್ಲಿ ಮಾತು ಬೇರೆ, ‘ಮಿಸ್ಸಿಂಗ್ ಕೀ’ ಎಂದು ಬಂದು 40 ಅಕ್ಷರಗಳಿರುತ್ತವೆ. ವಿಷಯ ಒಂದೇ. ಪಟ್ಟಿಗೆ ಯಾರೋ ಸಹಿ ಹಾಕಿದ್ದಾರೆ, ಆ ಸಹಿಯ ಮಾದರಿ ನಮ್ಮಲ್ಲಿಲ್ಲ, ಆದ್ದರಿಂದ ಸರಿಯೋ ತಪ್ಪೋ ಹೇಳಲಾಗದು. ಸಹಿ ಸುಳ್ಳು ಎಂದು ಇದರ ಅರ್ಥವಲ್ಲ.

ವಿತರಕರು ಕೀಲಿ ಬದಲಿಸಿದಾಗ ಹೀಗಾಗುತ್ತದೆ. ಇತ್ತೀಚಿನ ದೊಡ್ಡ ಉದಾಹರಣೆ ಕಾಳಿ ಲಿನಕ್ಸ್. 2025ರ ಏಪ್ರಿಲ್‌ನಲ್ಲಿ ಅವರು ಹಳೆಯ ಸಹಿ ಕೀಲಿಯನ್ನು ಕಳೆದುಕೊಂಡು ಹೊಸದಕ್ಕೆ ಹೋದರು. ಕಳ್ಳತನವಲ್ಲ, ಕೀಲಿ ಅವರ ಕೈಗೇ ಸಿಗದಂತಾಗಿತ್ತು. ಪರಿಣಾಮವಾಗಿ ಅದನ್ನು ಬಳಸುತ್ತಿದ್ದವರೆಲ್ಲ ಹೊಸ ಕೀಲಿಯನ್ನು ಕೈಯಾರೆ ತಂದು ಹಾಕಬೇಕಾಯಿತು.

ಹೊರಗಿನ ಮೂಲಕ್ಕೆ ಹೀಗಾದರೆ ಮೊದಲ ಪ್ರಶ್ನೆ ‘ಕೀಲಿ ಎಲ್ಲಿ ಸಿಗುತ್ತದೆ’ ಅಲ್ಲ, ‘ಈ ಮೂಲ ಈಗ ಬೇಕೇ’ ಎಂಬುದು. ಎರಡು ವರ್ಷದ ಹಿಂದೆ ಒಂದು ಮೀಟಿಂಗಿಗೆಂದು ಹಾಕಿದ ಆ್ಯಪ್ ಆಗಿದ್ದರೆ ತೆಗೆದುಬಿಡಿ. ಅದು ಯಾವ ಫೈಲಿನಲ್ಲಿದೆ ಎಂದು ಹುಡುಕಲು, ವಿಳಾಸದ ಒಂದು ಭಾಗವನ್ನು ಕೊಟ್ಟು:

ಗ್ರೆಪ್ -ಆರ್ ವಿಳಾಸ /ಇಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್*

ಸಿಕ್ಕಿದ ಫೈಲಿನ ಕೊನೆ .ಲಿಸ್ಟ್ ಎಂದಿದ್ದರೆ ಆ ಸಾಲಿನ ಮುಂದೆ # ಹಾಕಿ. .ಸೋರ್ಸಸ್ ಎಂದಿದ್ದರೆ ಒಳಗೆ ‘ಎನೇಬಲ್ಡ್: ನೋ’ ಎಂಬ ಸಾಲು ಸೇರಿಸಿ. ಮುಗಿಯಿತು.

ಬೇಕೇ ಬೇಕು ಎಂದಾದರೆ ಕೀಲಿಯನ್ನು ತಂತ್ರಾಂಶ ತಯಾರಕರ ಸ್ವಂತ ಜಾಲತಾಣದಿಂದಲೇ ತನ್ನಿ. ಎಲ್ಲರ ಕೀಲಿಗಳನ್ನು ಇಟ್ಟು ಹಂಚುವ ಕೀಸರ್ವರ್‌ನಿಂದ ಸಂಖ್ಯೆ ಕೊಟ್ಟು ಎಳೆಯುವ ಸಲಹೆ ಎಲ್ಲ ಕಡೆ ಇದೆ. ಅದರಲ್ಲಿ ಒಂದು ದೋಷವಿದೆ: ಹಲವು ಕೀಸರ್ವರ್‌ಗಳಿಗೆ ಯಾರು ಬೇಕಾದರೂ ಯಾರ ಹೆಸರಿನಲ್ಲಿ ಬೇಕಾದರೂ ಕೀಲಿ ಏರಿಸಬಹುದು. ಕೀಲಿಯ ಮೇಲೆ ಬರೆದ ಹೆಸರು ಯಾವುದಕ್ಕೂ ಸಾಕ್ಷಿಯಲ್ಲ. 8 ಅಕ್ಷರಗಳ ಚಿಕ್ಕ ಸಂಖ್ಯೆಯಂತೂ ನಂಬಲೇಬಾರದು, ಅದೇ 8 ಅಕ್ಷರ ಬರುವ ಇನ್ನೊಂದು ಕೀಲಿಯನ್ನು ಸಾಮಾನ್ಯ ಕಂಪ್ಯೂಟರಿನಲ್ಲೇ ತಯಾರಿಸಬಹುದು. ನಂಬಬೇಕಾದದ್ದು ಕೀಲಿಯ ಬೆರಳಚ್ಚು, ಅಂದರೆ ಪೂರ್ತಿ 40 ಅಕ್ಷರಗಳ ಸಂಖ್ಯೆ.

ಇಳಿಸಿದ ಫೈಲನ್ನು ಮೊದಲು ಪಠ್ಯ ಎಡಿಟರ್‌ನಲ್ಲಿ ತೆರೆದು ನೋಡಿ. ಮೊದಲ ಸಾಲಿನಲ್ಲಿ ‘ಬಿಗಿನ್ ಪಿಜಿಪಿ ಪಬ್ಲಿಕ್ ಕೀ ಬ್ಲಾಕ್’ ಎಂದಿದ್ದರೆ ಅದು ಪಠ್ಯರೂಪದ ಕೀಲಿ, ಹೆಸರಿನ ಕೊನೆ .ಎಎಸ್‌ಸಿ ಇರಬೇಕು. ಓದಲಾಗದ ಚಿಹ್ನೆಗಳೇ ತುಂಬಿದ್ದರೆ ಬೈನರಿ ರೂಪ, ಕೊನೆ .ಜಿಪಿಜಿ ಇರಬೇಕು. ಎಚ್‌ಟಿಎಂಎಲ್ ಎಂದು ಶುರುವಾದರೆ ನೀವು ಇಳಿಸಿದ್ದು ಕೀಲಿಯಲ್ಲ, ‘ಪುಟ ಸಿಗಲಿಲ್ಲ’ ಎನ್ನುವ ವೆಬ್ ಪುಟ. ಕೊನೆಯ ಅಕ್ಷರಗಳು ಅದಲುಬದಲಾದರೆ ಆಪ್ಟ್ ಆ ಫೈಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಮತ್ತೆ ನೋ ಪಬ್‌ಕೀ ಎನ್ನುತ್ತದೆ. ಕೀಲಿ ಹಾಕಿದರೂ ಹೋಗುತ್ತಿಲ್ಲ ಎಂಬ ಗೋಳಿಗೆ ಇದು ಒಂದು ಕಾರಣ.

ನಂತರ ಬೆರಳಚ್ಚು ನೋಡಿ:

ಜಿಪಿಜಿ --ಶೋ-ಕೀಸ್ --ವಿತ್-ಸಬ್‌ಕೀ-ಫಿಂಗರ್‌ಪ್ರಿಂಟ್ ಕೀ.ಎಎಸ್‌ಸಿ

40 ಅಕ್ಷರಗಳ ಸಾಲು ಬರುತ್ತದೆ, ಜೊತೆಗೆ ಕೀಲಿ ಹುಟ್ಟಿದ ದಿನಾಂಕ, ಮುಗಿಯುವ ದಿನಾಂಕ. ಎಚ್ಚರಿಕೆಯಲ್ಲಿದ್ದ 16 ಅಕ್ಷರಗಳು ಈ 40ರ ಕೊನೆಯ 16 ಆಗಿರಬೇಕು. ಮೊದಲ ಸಾಲಿಗೆ ಹೊಂದದಿದ್ದರೆ ಕೆಳಗೆ ಸಬ್ ಎಂದಿರುವ ಸಾಲು ನೋಡಿ, ಬಹಳ ಕಡೆ ಮುಖ್ಯ ಕೀಲಿಯನ್ನು ಭದ್ರವಾಗಿಟ್ಟು ಉಪಕೀಲಿಯಿಂದ ಸಹಿ ಮಾಡುತ್ತಾರೆ. ಇನ್ನು 40 ಅಕ್ಷರಗಳನ್ನೂ ತಯಾರಕರು ಪ್ರಕಟಿಸಿದ ಬೆರಳಚ್ಚಿನೊಂದಿಗೆ ತಾಳೆ ನೋಡಿ. ನಾಲ್ಕು ನಾಲ್ಕು ಅಕ್ಷರಗಳಂತೆ ಇಬ್ಬರು ಕೂತು, ಒಬ್ಬರು ಓದಿ ಒಬ್ಬರು ನೋಡಿದರೆ ಎರಡು ನಿಮಿಷದ ಕೆಲಸ. ಸಾಧ್ಯವಾದರೆ ಬೆರಳಚ್ಚನ್ನು ಇನ್ನೊಂದು ಜಾಗದಲ್ಲಿ, ಬೇರೆ ನೆಟ್‌ವರ್ಕ್‌ನಲ್ಲಿ, ಫೋನಿನಲ್ಲಿ ನೋಡಿ. ಈ ಹೆಜ್ಜೆಯನ್ನು ಬಿಟ್ಟರೆ ಉಳಿದ ಯಾವ ಹೆಜ್ಜೆಗೂ ಬೆಲೆ ಇಲ್ಲ.

ಹೊಂದಿತು ಎಂದ ಮೇಲೆ:

ಸುಡೊ ಇನ್‌ಸ್ಟಾಲ್ -ಡಿ -ಎಂ 755 /ಇಟಿಸಿ/ಆಪ್ಟ್/ಕೀರಿಂಗ್ಸ್

ಸುಡೊ ಇನ್‌ಸ್ಟಾಲ್ -ಎಂ 644 ಕೀ.ಎಎಸ್‌ಸಿ /ಇಟಿಸಿ/ಆಪ್ಟ್/ಕೀರಿಂಗ್ಸ್/ಕೀ.ಎಎಸ್‌ಸಿ

644 ಎಂಬುದನ್ನು ಬಿಡಬೇಡಿ. ಆಪ್ಟ್ ಸಹಿ ಪರೀಕ್ಷಿಸುವುದು ಪೂರ್ಣ ಅಧಿಕಾರವಿರುವ ರೂಟ್ ಬಳಕೆದಾರನಾಗಿ ಅಲ್ಲ, _ಆಪ್ಟ್ ಎಂಬ ಕಡಿಮೆ ಅಧಿಕಾರದ ಬಳಕೆದಾರನಾಗಿ. ಫೈಲನ್ನು ರೂಟ್ ಮಾತ್ರ ಓದಬಹುದು ಎಂದಿದ್ದರೆ ಕೀಲಿ ಅಲ್ಲೇ ಇದ್ದರೂ ಅದಕ್ಕೆ ಕಾಣುವುದಿಲ್ಲ, ನೋ ಪಬ್‌ಕೀ ಮತ್ತೆ ಬರುತ್ತದೆ.

ಕೊನೆಗೆ ಮೂಲದ ಫೈಲಿನಲ್ಲಿ ಈ ಮೂಲಕ್ಕೆ ಈ ಕೀಲಿ ಎಂದು ಬರೆಯಬೇಕು. .ಲಿಸ್ಟ್ ಫೈಲಿನಲ್ಲಾದರೆ ಡೆಬ್ ಎಂಬ ಪದದ ನಂತರ ಚೌಕ ಆವರಣದಲ್ಲಿ:

ಡೆಬ್ [ಸೈನ್ಡ್-ಬೈ=/ಇಟಿಸಿ/ಆಪ್ಟ್/ಕೀರಿಂಗ್ಸ್/ಕೀ.ಎಎಸ್‌ಸಿ] ಮುಂದೆ ವಿಳಾಸ ಇದ್ದಂತೆಯೇ

.ಸೋರ್ಸಸ್ ಫೈಲಿನಲ್ಲಾದರೆ ಪ್ರತ್ಯೇಕ ಸಾಲು:

ಸೈನ್ಡ್-ಬೈ: /ಇಟಿಸಿ/ಆಪ್ಟ್/ಕೀರಿಂಗ್ಸ್/ಕೀ.ಎಎಸ್‌ಸಿ

ಅಪ್‌ಡೇಟ್ ಕೊಟ್ಟಾಗ ‘ಕಾನ್‌ಫ್ಲಿಕ್ಟಿಂಗ್ ವ್ಯಾಲ್ಯೂಸ್ ಸೆಟ್ ಫಾರ್ ಆಪ್ಷನ್ ಸೈನ್ಡ್-ಬೈ’ ಎಂದರೆ ಅದೇ ಮೂಲ ಎರಡು ಫೈಲಿನಲ್ಲಿ ಬೇರೆ ಬೇರೆ ಕೀಲಿಯೊಂದಿಗೆ ಇದೆ. ಮೇಲಿನ ಗ್ರೆಪ್ ಆದೇಶದಿಂದ ಹುಡುಕಿ ಹಳೆಯದನ್ನು ತೆಗೆಯಿರಿ.

ಇಲ್ಲದ ಕೀಲಿ ಉಬುಂಟು ಅಥವಾ ಡೆಬಿಯನ್‌ನದ್ದೇ ಆಗಿದ್ದರೆ ಈ ದಾರಿ ಬೇಡ. ಕೀಲಿಗಳು ಉಬುಂಟು-ಕೀರಿಂಗ್, ಡೆಬಿಯನ್-ಆರ್ಕೈವ್-ಕೀರಿಂಗ್ ಎಂಬ ಪ್ಯಾಕೇಜ್‌ಗಳಲ್ಲಿ ಬರುತ್ತವೆ. ಅದೇ ಆವೃತ್ತಿ ಇರುವ, ಸರಿಯಾಗಿ ಅಪ್‌ಡೇಟ್ ಆಗುತ್ತಿರುವ ಇನ್ನೊಂದು ಕಂಪ್ಯೂಟರಿನಲ್ಲಿ ‘ಆಪ್ಟ್ ಡೌನ್‌ಲೋಡ್’ ಕೊಟ್ಟು ಆ ಪ್ಯಾಕೇಜ್ ಇಳಿಸಿದರೆ ಅಲ್ಲಿನ ಆಪ್ಟ್ ಅದನ್ನು ಪರೀಕ್ಷಿಸಿಯೇ ಕೊಡುತ್ತದೆ. ಪೆನ್‌ಡ್ರೈವ್‌ನಲ್ಲಿ ತಂದು ಡಿಪಿಕೆಜಿ -ಐ ಮೂಲಕ ಹಾಕಿಕೊಳ್ಳಿ.

ವಾಯಿದೆ ಮುಗಿದ ಕೀಲಿ, ಕೆಟ್ಟ ಸಹಿ, ರದ್ದಾದ ಕೀಲಿ

ಇವು ಮೂರನ್ನೂ ಒಂದೇ ಎಂದು ನೋಡುವವರಿದ್ದಾರೆ. ತೂಕ ಬೇರೆ ಬೇರೆ.

ಎಕ್ಸ್‌ಪ್‌ಕೀಸಿಗ್ ಎಂದರೆ ಕೀಲಿಯ ವಾಯಿದೆ ಮುಗಿದಿದೆ. ಕೀಲಿ ಹಳತಾಯಿತೆಂದೋ ಕಳುವಾಯಿತೆಂದೋ ಅಲ್ಲ. ತಯಾರಕರು ಸಾಮಾನ್ಯವಾಗಿ ಅದೇ ಕೀಲಿಯ ವಾಯಿದೆ ವಿಸ್ತರಿಸಿ ಜಾಲತಾಣದಲ್ಲಿ ಇಟ್ಟಿರುತ್ತಾರೆ, ನಿಮ್ಮಲ್ಲಿ ಹಳೆಯ ಪ್ರತಿ ಉಳಿದಿದೆ ಅಷ್ಟೆ. ಹೊಸ ಪ್ರತಿ ತಂದು ನೋಡಿದರೆ ಬೆರಳಚ್ಚು ಮೊದಲಿನದೇ ಇದ್ದು ಮುಗಿಯುವ ದಿನಾಂಕ ಮಾತ್ರ ಮುಂದೆ ಹೋಗಿರಬೇಕು. ಅದೇ ಹೆಸರಿನ ಫೈಲಿನ ಮೇಲೆ ಅದನ್ನು ಹಾಕಿ. ಕಂಪ್ಯೂಟರಿನ ದಿನಾಂಕವನ್ನು ಹಿಂದಕ್ಕೆ ತಿರುಗಿಸಿ ಕೀಲಿಯನ್ನು ‘ಜೀವಂತ’ ಮಾಡುವ ಉಪಾಯ ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ, ಮೇಲೆ ಹೇಳಿದ ಗಡಿಯಾರದ ತೊಂದರೆಗಳೆಲ್ಲ ಬೆನ್ನು ಹತ್ತುತ್ತವೆ.

ಬ್ಯಾಡ್‌ಸಿಗ್ ಎಂದರೆ ಕೀಲಿ ಇದೆ, ಸಹಿಯೂ ಇದೆ, ಸಹಿ ಬಿದ್ದ ಬರಹ ಇದಲ್ಲ. ನಡುದಾರಿಯಲ್ಲಿ ಏನೋ ಬದಲಾಗಿದೆ. ಹೆಚ್ಚಾಗಿ ಕಾರಣ ಕೆಟ್ಟ ಪ್ರಾಕ್ಸಿ ಅಥವಾ ಅರ್ಧಕ್ಕೆ ನಿಂತ ಡೌನ್‌ಲೋಡ್. ಬೇರೆ ನೆಟ್‌ವರ್ಕ್‌ಗೆ ಹೋಗಿ, ಪಟ್ಟಿ ಫೋಲ್ಡರಿನ ಹೆಸರು ಬದಲಿಸಿ, ಮುಖ್ಯ ಸರ್ವರ್ ಆರಿಸಿ ಮತ್ತೆ ಕೊಡಿ. ಮೂರೂ ಮಾಡಿದ ಮೇಲೂ ಬಂದರೆ ಆ ಮೂಲದಿಂದ ಏನನ್ನೂ ಹಾಕಬೇಡಿ. ಹೊಸ ಕೀಲಿ ತಂದು ಹಾಕಿದರೂ ಇದು ಹೋಗುವುದಿಲ್ಲ, ಹೋಗಬಾರದು ಕೂಡ.

ರೆವ್‌ಕೀಸಿಗ್ ಎಂದರೆ ಕೀಲಿಯ ಒಡೆಯರೇ ಅದನ್ನು ರದ್ದು ಮಾಡಿದ್ದಾರೆ. ಕೈಬಿಟ್ಟದ್ದಿರಬಹುದು, ಕಳ್ಳರ ಕೈಗೆ ಸಿಕ್ಕಿದ್ದಿರಬಹುದು. ಮೂಲವನ್ನು ಅಂದೇ ನಿಲ್ಲಿಸಿ, ತಯಾರಕರ ಪ್ರಕಟಣೆ ಓದಿದ ಮೇಲೆ ಮುಂದಿನ ಮಾತು.

ಕೀಲಿ ಇದ್ದು, ವಾಯಿದೆ ಇದ್ದು, ಹಳೆಯ ವಿಧಾನದ ಕಾರಣಕ್ಕೆ ತಿರಸ್ಕಾರವಾಗುವುದೂ ಉಂಟು. ಉಬುಂಟು 24.04ರಲ್ಲಿ 1024 ಬಿಟ್‌ನ ಆರ್‌ಎಸ್‌ಎ ಕೀಲಿಗೆ ‘ವೀಕ್ ಅಲ್ಗಾರಿದಮ್’ ಎಂಬ ಎಚ್ಚರಿಕೆ ಬರುತ್ತದೆ. ಡೆಬಿಯನ್ 13ರ ಎಸ್‌ಕ್ಯೂವಿ, ಒಳಗೆ ಶಾ1 ಬಳಸಿ ಕಟ್ಟಿದ ಕೀಲಿಗಳನ್ನು 2026ರ ಫೆಬ್ರವರಿ 1ರಿಂದ ಒಪ್ಪುತ್ತಿಲ್ಲ. ನಿನ್ನೆ ಸರಿಯಿದ್ದದ್ದು ಇಂದು ಏಕಾಏಕಿ ನಿಂತಿತು ಎಂಬವರು ಇದನ್ನು ನೋಡಬೇಕು. ತಯಾರಕರು ಹೊಸ ಕೀಲಿ ಇಟ್ಟಿದ್ದರೆ ತನ್ನಿ. ಇಟ್ಟಿಲ್ಲವಾದರೆ ನೀವು ಮಾಡಬಹುದಾದದ್ದು ಕಡಿಮೆ, ಆ ಮೂಲವನ್ನು ನಿಲ್ಲಿಸಿಡುವುದು ಒಂದೇ.

‘ಲೆಗಸಿ ಟ್ರಸ್ಟೆಡ್.ಜಿಪಿಜಿ’ ಎಚ್ಚರಿಕೆ

ಉಬುಂಟು 22.04ರಿಂದ ಈಚೆಗೆ ‘ಕೀ ಈಸ್ ಸ್ಟೋರ್ಡ್ ಇನ್ ಲೆಗಸಿ ಟ್ರಸ್ಟೆಡ್.ಜಿಪಿಜಿ ಕೀರಿಂಗ್’ ಎಂದು ಪ್ರತಿ ಸಲ ಬರುವುದು ಇದೆ. ಅಪ್‌ಡೇಟ್ ನಿಂತಿರುವುದಿಲ್ಲ. ಆದರೂ ಇದನ್ನು ಸರಿಮಾಡಿಕೊಳ್ಳಬೇಕು. ಹಿಂದೆ ಆಪ್ಟ್-ಕೀ ಆದೇಶದಿಂದ ಸೇರಿಸಿದ ಕೀಲಿಗಳೆಲ್ಲ ಈ ಒಂದು ಫೈಲಿಗೆ ಹೋಗುತ್ತಿದ್ದವು, ಇದರಲ್ಲಿರುವ ಯಾವ ಕೀಲಿಯಾದರೂ ಯಾವ ಮೂಲಕ್ಕಾದರೂ ಸಹಿ ಹಾಕಬಹುದಿತ್ತು. ಹಾಡು ಕೇಳುವ ಆ್ಯಪ್‌ನವರ ಕೀಲಿಯಿಂದ ಲಿನಕ್ಸ್‌ನ ತಿರುಳಾದ ಕರ್ನಲ್ ಪ್ಯಾಕೇಜ್ ಕೂಡ ಒಳಗೆ ಬರಬಹುದು. ಒಂದು ತೋಟದ ರಹದಾರಿ ತೋರಿಸಿ ಇಡೀ ತಾಲೂಕಿನ ಮರ ಸಾಗಿಸಿದಂತೆ. ಸೈನ್ಡ್-ಬೈ ಬಂದದ್ದು ಅದನ್ನು ತಡೆಯುವುದಕ್ಕೆ. ಡೆಬಿಯನ್ 13ರಲ್ಲಿ ಆಪ್ಟ್-ಕೀ ಆದೇಶವೇ ಇಲ್ಲ, ಆದ್ದರಿಂದ ಹಳೆಯ ಸೂಚನೆಗಳನ್ನು ಅನುಸರಿಸಿದರೆ ‘ಕಮಾಂಡ್ ನಾಟ್ ಫೌಂಡ್’ ಬರುತ್ತದೆ.

ಟ್ರಸ್ಟೆಡ್.ಜಿಪಿಜಿ ಫೈಲನ್ನು ಹಾಗೇ ಟ್ರಸ್ಟೆಡ್.ಜಿಪಿಜಿ.ಡಿ ಫೋಲ್ಡರಿಗೆ ನಕಲು ಮಾಡುವ ಸಲಹೆ ಜನಪ್ರಿಯ. ಎಚ್ಚರಿಕೆ ಹೋಗುತ್ತದೆ, ರೋಗ ಹಾಗೇ ಇರುತ್ತದೆ. ಅದರ ಬದಲು ಎಚ್ಚರಿಕೆಯಲ್ಲಿರುವ ಒಂದೊಂದು ಮೂಲಕ್ಕೂ ಮೇಲೆ ಹೇಳಿದ ರೀತಿಯಲ್ಲೇ ಕೀಲಿ ತಂದು, ಕೀರಿಂಗ್ಸ್ ಫೋಲ್ಡರಿನಲ್ಲಿಟ್ಟು, ಸೈನ್ಡ್-ಬೈ ಬರೆಯಿರಿ. ಎಲ್ಲವೂ ಮುಗಿದ ಮೇಲೆ /ಇಟಿಸಿ/ಆಪ್ಟ್/ಟ್ರಸ್ಟೆಡ್.ಜಿಪಿಜಿ ಫೈಲಿನ ಹೆಸರು ಬದಲಿಸಿ ಅಪ್‌ಡೇಟ್ ಕೊಡಿ. ಯಾವುದಾದರೂ ಮೂಲ ನೋ ಪಬ್‌ಕೀ ಎಂದರೆ ಅದೊಂದು ಉಳಿದಿದೆ ಎಂದು ತಿಳಿಯುತ್ತದೆ.

ಮಾಡಲೇಬಾರದ್ದು

ಮೂಲದ ಸಾಲಿನಲ್ಲಿ ‘ಟ್ರಸ್ಟೆಡ್=ಯೆಸ್’ ಎಂದು ಬರೆಯುವುದು, ‘--ಅಲೌ-ಅನ್‌ಆಥೆಂಟಿಕೇಟೆಡ್’ ಅಥವಾ ‘--ಅಲೌ-ಇನ್‌ಸೆಕ್ಯೂರ್-ರೆಪಾಸಿಟರೀಸ್’ ಹಾಕಿ ಓಡಿಸುವುದು. ಇವು ಎಚ್ಚರಿಕೆಯ ಕಾರಣವನ್ನು ಸರಿಪಡಿಸುವುದಿಲ್ಲ, ತಪಾಸಣೆಯನ್ನೇ ತೆಗೆಯುತ್ತವೆ. ಪ್ಯಾಕೇಜ್ ಹಾಕುವಾಗ ಅದರೊಳಗಿನ ಸ್ಕ್ರಿಪ್ಟ್‌ಗಳು ರೂಟ್ ಅಧಿಕಾರದಲ್ಲಿ ಓಡುತ್ತವೆ ಎಂಬುದನ್ನು ಇಲ್ಲಿ ನೆನಪಿಡಬೇಕು. ಯಾರೋ ಹಿಂದೆ ಸೇರಿಸಿಟ್ಟಿರಬಹುದು, ಒಮ್ಮೆ ನೋಡಿಕೊಳ್ಳಿ:

ಗ್ರೆಪ್ -ಆರ್‌ಐ ಟ್ರಸ್ಟೆಡ್ /ಇಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್*

ಸಹಿಯ ಮಿತಿಯನ್ನೂ ಹೇಳಬೇಕು. ಇಂಥವರು ಕಟ್ಟಿದ ಮೂಟೆ, ದಾರಿಯಲ್ಲಿ ಬಿಚ್ಚಿಲ್ಲ, ಇಷ್ಟನ್ನೇ ಸಹಿ ಹೇಳುತ್ತದೆ. ಒಳಗಿನ ಮಾಲು ಒಳ್ಳೆಯದೇ ಎಂದು ಹೇಳುವುದಿಲ್ಲ. 2024ರ ಮಾರ್ಚ್ 29ರಂದು ಬಯಲಾದ, ಫೈಲ್ ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದ ಹಿಂಬಾಗಿಲು ಅಂಥದ್ದು. 5.6.0 ಮತ್ತು 5.6.1 ಆವೃತ್ತಿಗಳಲ್ಲಿ ನಿರ್ವಾಹಕನಾಗಿ ಸೇರಿಕೊಂಡವನೇ ಅದನ್ನು ಇಟ್ಟಿದ್ದ, ಸಹಿಗಳೆಲ್ಲ ಸರಿ ಇದ್ದವು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ದೂರದ ಕಂಪ್ಯೂಟರಿಗೆ ಸೇರುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಬೆನ್ನು ಹತ್ತಿ ಹೋಗಿ ಕಂಡುಹಿಡಿದರು. ಅದರ ತಿದ್ದುಪಡಿ ಬಂದದ್ದೂ ಸಹಿ ಮಾಡಿದ ಅಪ್‌ಡೇಟ್ ಆಗಿಯೇ.

ಫೆಡೊರಾ, ಆರ್ಚ್ ಬಳಸುವವರಿಗೆ

ತತ್ವ ಒಂದೇ, ಮಾತು ಬೇರೆ. ಫೆಡೊರಾದಲ್ಲಿ ಒಂದೊಂದು ಆರ್‌ಪಿಎಂ ಪ್ಯಾಕೇಜಿಗೂ ಸಹಿ ಇರುತ್ತದೆ. ಹೊಸ ಕೀಲಿ ಕಂಡರೆ ಅಲ್ಲಿನ ಅಪ್‌ಡೇಟ್ ಸಾಧನ ಡಿಎನ್‌ಎಫ್ ಬೆರಳಚ್ಚು ತೋರಿಸಿ ಹೌದೇ ಅಲ್ಲವೇ ಕೇಳುತ್ತದೆ, ವೈ ಒತ್ತುವ ಮೊದಲು ತಾಳೆ ನೋಡಿ. ಮೂಲದ ಫೈಲಿನಲ್ಲಿ ‘ಜಿಪಿಜಿಚೆಕ್=0’ ಮಾಡಬೇಡಿ. ಆರ್ಚ್‌ನಲ್ಲಿ ತಿಂಗಳುಗಟ್ಟಲೆ ಅಪ್‌ಡೇಟ್ ಮಾಡದೆ ಬಿಟ್ಟರೆ ‘ಅನ್‌ನೋನ್ ಟ್ರಸ್ಟ್’ ಬರುತ್ತದೆ. ಮೊದಲು ಆರ್ಚ್‌ಲಿನಕ್ಸ್-ಕೀರಿಂಗ್ ಪ್ಯಾಕೇಜ್ ಒಂದನ್ನೇ ಹೊಸದು ಮಾಡಿ, ತಡಮಾಡದೆ ಅದರ ಬೆನ್ನಿಗೇ ಪೂರ್ತಿ ಅಪ್‌ಡೇಟ್ ಕೊಡಿ.

ಪೆನ್‌ಡ್ರೈವ್‌ನಲ್ಲಿ ಬಂದ ಐಎಸ್‌ಒ

ನೆಟ್‌ವರ್ಕ್ ಸರಿಯಿಲ್ಲದ ಊರುಗಳಲ್ಲಿ ಆರು ಜಿಬಿ ಹತ್ತಿರದ ಉಬುಂಟು ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲ್) ಇಳಿಸುವುದು ಕಷ್ಟ. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಒಬ್ಬರು ಇಳಿಸಿ ಪೆನ್‌ಡ್ರೈವ್‌ನಲ್ಲಿ ಹತ್ತು ಕಡೆ ಹಂಚುವುದು ರೂಢಿ. ಮೇಲೆ ಹೇಳಿದ ಉಬುಂಟುವಿನ ಸ್ವಂತ ಕೀಲಿಗಳು ಬರುವುದೇ ಆ ಐಎಸ್‌ಒ ಒಳಗಿನಿಂದ. ಅದೇ ತಿರುಚಿದ್ದಾದರೆ ಮುಂದಿನ ಎಲ್ಲ ಸಹಿ ಪರೀಕ್ಷೆ ವ್ಯರ್ಥ. 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್ ಜಾಲತಾಣಕ್ಕೆ ನುಗ್ಗಿದವರು 17.3 ಸಿನ್ನಮನ್ ಆವೃತ್ತಿಯ ಕೊಂಡಿಯನ್ನು ಹಿಂಬಾಗಿಲಿದ್ದ ಐಎಸ್‌ಒಗೆ ತಿರುಗಿಸಿದ್ದರು.

ಪರೀಕ್ಷೆಗೆ ಬೇಕಾದ ಎರಡು ಫೈಲು ಬಹಳ ಚಿಕ್ಕವು, ಫೋನಿನಲ್ಲೂ ಇಳಿಯುತ್ತವೆ: ಶಾ256ಸಮ್ಸ್ ಮತ್ತು ಶಾ256ಸಮ್ಸ್.ಜಿಪಿಜಿ. ಇವನ್ನು ಪೆನ್‌ಡ್ರೈವ್ ಕೊಟ್ಟವರಿಂದ ತೆಗೆದುಕೊಳ್ಳಬೇಡಿ, ಉಬುಂಟು ಜಾಲತಾಣದಿಂದ ನೀವೇ ಇಳಿಸಿ. ಹೆಸರು ಎರಡರಲ್ಲೂ ದೊಡ್ಡಕ್ಷರ, ಕೊನೆಯ ಜಿಪಿಜಿ ಮಾತ್ರ ಸಣ್ಣದು. ಈಗಾಗಲೇ ಉಬುಂಟು ಇರುವ ಕಂಪ್ಯೂಟರಿನಲ್ಲಿ:

ಜಿಪಿಜಿ --ಕೀರಿಂಗ್ /ಯುಎಸ್‌ಆರ್/ಶೇರ್/ಕೀರಿಂಗ್ಸ್/ಉಬುಂಟು-ಆರ್ಕೈವ್-ಕೀರಿಂಗ್.ಜಿಪಿಜಿ --ವೆರಿಫೈ ಶಾ256ಸಮ್ಸ್.ಜಿಪಿಜಿ ಶಾ256ಸಮ್ಸ್

ಉತ್ತರದಲ್ಲಿ ‘ಗುಡ್ ಸಿಗ್ನೇಚರ್ ಫ್ರಮ್’ ಎಂಬ ಸಾಲು ಬೇಕು. ಅದರ ಕೆಳಗೆ ‘ವಾರ್ನಿಂಗ್: ದಿಸ್ ಕೀ ಈಸ್ ನಾಟ್ ಸರ್ಟಿಫೈಡ್ ವಿತ್ ಎ ಟ್ರಸ್ಟೆಡ್ ಸಿಗ್ನೇಚರ್’ ಎಂದೂ ಬರುತ್ತದೆ, ಅದನ್ನು ಕಂಡು ಐಎಸ್‌ಒ ಬಿಸಾಡಿದವರಿದ್ದಾರೆ. ಈ ಕೀಲಿಯನ್ನು ನಂಬುತ್ತೇನೆಂದು ನೀವು ಖುದ್ದಾಗಿ ಜಿಪಿಜಿಗೆ ಹೇಳಿಲ್ಲ ಎಂದಷ್ಟೇ ಅದರ ಅರ್ಥ. ಕೆಳಗೆ ತೋರಿಸುವ 40 ಅಕ್ಷರಗಳ ಬೆರಳಚ್ಚು ಉಬುಂಟು ಪ್ರಕಟಿಸಿದ್ದಕ್ಕೆ ಹೊಂದಿದರೆ ಆಯಿತು. ‘ಬ್ಯಾಡ್ ಸಿಗ್ನೇಚರ್’ ಎಂದರೆ ಮಾತ್ರ ಬಿಡಬೇಕು. ಆಮೇಲೆ ಐಎಸ್‌ಒ ಇರುವ ಫೋಲ್ಡರಿನಲ್ಲೇ ನಿಂತು:

ಶಾ256ಸಮ್ -ಸಿ --ಇಗ್ನೋರ್-ಮಿಸ್ಸಿಂಗ್ ಶಾ256ಸಮ್ಸ್

ಇದರಲ್ಲಿ ಆದೇಶದ ಹೆಸರು ಸಣ್ಣಕ್ಷರ, ಕೊನೆಯ ಫೈಲಿನ ಹೆಸರು ದೊಡ್ಡಕ್ಷರ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಒಂದೆರಡು ನಿಮಿಷ ಸುಮ್ಮನೆ ಕೂತಂತೆ ಕಾಣುತ್ತದೆ, ಕಾಯಿರಿ. ಐಎಸ್‌ಒ ಹೆಸರಿನ ಮುಂದೆ ‘ಓಕೆ’ ಎಂದು ಬಂದ ಮೇಲೆ ಆ ಪೆನ್‌ಡ್ರೈವ್ ಮುಂದಿನವರಿಗೆ ಕೊಡಿ.